ಮನೆ ಬಾಗಿಲಿಗೆ ಅರಣ್ಯ ಇಲಾಖೆಯವರು ಬಂದಾಗ: ಶೋಧ, ಜಪ್ತಿ, ಬಂಧನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಂಚಿನ ತಾಲ್ಲೂಕು ಕೋರ್ಟೊಂದರಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. ಬೆಳಗಿನ ಜಾವ ಮನೆಗೆ ನುಗ್ಗಿ ಪಾತ್ರೆಪಗಡ ಜಾಲಾಡಿದರು, ಏಕೆಂದು ಹೇಳಲಿಲ್ಲ ಎಂದು ಕಣ್ಣೀರು ಹಾಕುವವರು ಒಂದು ಕಡೆ. ಮಳೆಯಲ್ಲಿ ನಾಲ್ಕು ರಾತ್ರಿ ಕಾದು ಉರುಳು ಹಾಕಿದವನನ್ನು ಹಿಡಿದೆವು, ಆದರೂ ಕೇಸು ಬಿದ್ದುಹೋಯಿತು ಎಂದು ತಲೆ ತಗ್ಗಿಸಿ ಕೂರುವ ಗಾರ್ಡ್‌ಗಳು ಇನ್ನೊಂದು ಕಡೆ. ಇಬ್ಬರ ಕಥೆಯೂ ಹೆಚ್ಚಿನ ಸಲ ಒಂದೇ ಕಾಗದಕ್ಕೆ ಬಂದು ನಿಲ್ಲುತ್ತದೆ: ಶೋಧದ ಹೊತ್ತಿನಲ್ಲಿ ಬರೆದ ಮಹಜರು. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಇಲ್ಲಿ ಹೇಳಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಗ್ಗೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರೂಪವನ್ನೇ ತೆಗೆದುಕೊಂಡಿದ್ದೇನೆ. ಶೋಧ ಮತ್ತು ಬಂಧನದ ಸಾಮಾನ್ಯ ನಿಯಮಗಳು ಈಗ ಹಳೆಯ ಸಿಆರ್‌ಪಿಸಿಯಲ್ಲಿಲ್ಲ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. ಮುಂದೆ ಅದನ್ನು ಬರೀ ಸಂಹಿತೆ ಎಂದು ಕರೆಯುತ್ತೇನೆ.

ವಾರಂಟ್ ಇಲ್ಲದೆ ಅರಣ್ಯ ಇಲಾಖೆಯವರು ನನ್ನ ಮನೆ ಶೋಧಿಸಬಹುದೇ?

ಶೋಧಿಸಬಹುದು. ವನ್ಯಜೀವಿ ಕಾಯ್ದೆಯ ಸೆಕ್ಷನ್ 50 ಆ ಅಧಿಕಾರವನ್ನು ನೇರವಾಗಿಯೇ ಕೊಟ್ಟಿದೆ. ಮನೆ, ಜಮೀನು, ವಾಹನ, ದೋಣಿ, ಚೀಲ ಯಾವುದನ್ನಾದರೂ ತೆರೆದು ನೋಡಬಹುದು. ವಾರಂಟ್ ತೋರಿಸದೆ ಒಳಗೆ ಬಿಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತವರನ್ನು ನೋಡಿದ್ದೇನೆ. ಸಿನಿಮಾದಲ್ಲಿ ಕೇಳಿದ ಮಾತು ಅದು, ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟು ದೊಡ್ಡ ಅಧಿಕಾರ ಏಕೆ ಎಂದು ಕೇಳುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು. ಸತ್ತ ಹಸುವಿಗೆ ವಿಷ ಬೆರೆಸಲಾಗಿತ್ತು. ಇಂಥ ಕಡೆ ವಿಷದ ಡಬ್ಬಿ ಕೆರೆಗೆ ಬೀಳಲು, ಮಾಂಸ ಒಲೆ ಸೇರಲು, ಚರ್ಮ ಗಡಿ ದಾಟಲು ಒಂದು ರಾತ್ರಿ ಸಾಕು. ಮ್ಯಾಜಿಸ್ಟ್ರೇಟರನ್ನು ಹುಡುಕಿಕೊಂಡು ಹೋಗಿ ವಾರಂಟ್ ತರುವಷ್ಟರಲ್ಲಿ ಸಾಕ್ಷ್ಯವೇ ಇರುವುದಿಲ್ಲ.

ಆದರೆ ಅದೇ ಸೆಕ್ಷನ್ ಅಧಿಕಾರದ ಮುಂದೆ ಒಂದು ಷರತ್ತನ್ನೂ ಇಟ್ಟಿದೆ. ಈ ವ್ಯಕ್ತಿ ಅಪರಾಧ ಮಾಡಿದ್ದಾನೆಂದು ನಂಬಲು ಅಧಿಕಾರಿಗೆ ಸಮಂಜಸ ಕಾರಣ ಇರಬೇಕು.

ಸಮಂಜಸ ಕಾರಣ ಎಂದರೆ ಏನು? ಯಾರೋ ಫೋನ್ ಮಾಡಿ ಹೇಳಿದರೆ ಸಾಕೇ?

ಬಾತ್ಮೀದಾರನ ಮಾಹಿತಿ ಕಾರಣವಾಗಬಹುದು. ಬೇಲಿಯ ಪಕ್ಕದ ರಕ್ತದ ಕಲೆ, ರಾತ್ರಿ ಕೇಳಿದ ಗುಂಡಿನ ಸದ್ದು, ತೋಟದಲ್ಲಿ ಸಿಕ್ಕ ಉರುಳಿನ ತಂತಿ ಕಾರಣವಾಗಬಹುದು. ಆ ಊರಿನವರೆಲ್ಲ ಬೇಟೆಗಾರರು ಎಂಬ ಮಾತು ಕಾರಣವಲ್ಲ. ಹೋದ ವರ್ಷ ಅವನ ಮೇಲೆ ಒಂದು ಕೇಸಿತ್ತು ಎಂಬುದಷ್ಟೇ ಆದರೆ ಅದೂ ಸಾಲದು.

ಆ ಕಾರಣವನ್ನು ಶೋಧಕ್ಕೆ ಮೊದಲೇ ಬರೆದಿಡಬೇಕು ಎಂದು ಸೆಕ್ಷನ್ 50 ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಬರೆದಿಡುವುದೇ ಸರಿ. ಮಾಹಿತಿ ಎಷ್ಟು ಗಂಟೆಗೆ ಬಂತು, ಏನೆಂದು ಬಂತು, ಯಾರು ಹೊರಟರು ಎಂದು ಎರಡು ಸಾಲು ಡೈರಿಯಲ್ಲಿ ಇದ್ದರೆ ಪಾಟೀಸವಾಲಿನ ಹೊತ್ತಿಗೆ ಅಧಿಕಾರಿ ತಡಬಡಾಯಿಸಬೇಕಿಲ್ಲ. ಮಾಹಿತಿ ಕೊಟ್ಟವನ ಹೆಸರು ಬರೆಯಬೇಕಿಲ್ಲ.

ಯಾರು ಯಾರಿಗೆ ಈ ಅಧಿಕಾರವಿದೆ? ವಾಚರ್ ಬಂದು ಶೋಧಿಸಬಹುದೇ?

ಮುಖ್ಯ ವನ್ಯಜೀವಿ ಪರಿಪಾಲಕರು, ಅವರಿಂದ ಅಧಿಕಾರ ಪಡೆದವರು, ಯಾವುದೇ ಅರಣ್ಯಾಧಿಕಾರಿ, ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ. ಕೇಂದ್ರದ ಕಡೆಯಿಂದ ವನ್ಯಜೀವಿ ಸಂರಕ್ಷಣಾ ನಿರ್ದೇಶಕರು ಮತ್ತು ಅವರು ಅಧಿಕಾರ ಕೊಟ್ಟವರು. 2022ರ ತಿದ್ದುಪಡಿ ಇವರ ಜೊತೆಗೆ ಇನ್‌ಸ್ಪೆಕ್ಟರ್ ದರ್ಜೆಯ ಕಸ್ಟಮ್ಸ್ ಅಧಿಕಾರಿಯನ್ನೂ ಸಹಾಯಕ ಕಮಾಂಡೆಂಟ್ ದರ್ಜೆಯ ಕರಾವಳಿ ಕಾವಲು ಪಡೆಯ ಅಧಿಕಾರಿಯನ್ನೂ ಸೇರಿಸಿತು. ನಕ್ಷತ್ರ ಆಮೆ, ಚಿಪ್ಪುಹಂದಿಯ ಹೊರಚಿಪ್ಪು, ಸಮುದ್ರ ಸೌತೆಯಂಥವು ವಿಮಾನ ನಿಲ್ದಾಣ ಮತ್ತು ಬಂದರುಗಳ ಮೂಲಕ ಹೊರಗೆ ಹೋಗುವುದನ್ನು ನೋಡಿದರೆ ಈ ಸೇರ್ಪಡೆ ಬೇಕೇ ಆಗಿತ್ತು.

ಅರಣ್ಯ ಕಾನೂನಿನ ಪ್ರಕಾರ ನೇಮಕವಾದ ಗಸ್ತು ಅರಣ್ಯ ಪಾಲಕ, ಅಂದರೆ ನಾವು ಗಾರ್ಡ್ ಎನ್ನುವವರು, ಅರಣ್ಯಾಧಿಕಾರಿ ಎಂಬ ಪದದೊಳಗೆ ಬರುತ್ತಾರೆ. ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ ಹೇಗೂ ಬರುತ್ತಾರೆ. ದಿನಗೂಲಿ ವಾಚರ್ ತಂಡದ ಜೊತೆ ಇರಬಹುದು, ಗುಂಡಿ ಅಗೆಯಬಹುದು, ಚೀಲ ಎತ್ತಬಹುದು. ತಾನೊಬ್ಬನೇ ಬಂದು ಮನೆ ಶೋಧಿಸುವ ಹಾಗಿಲ್ಲ. ಕಾಡು ಕಾಯುವ ಕೆಲಸದಲ್ಲಿ ಅತಿ ಹೆಚ್ಚು ಅಪಾಯಕ್ಕೆ ಮೈಯೊಡ್ಡುವವನು, ಅತಿ ಕಡಿಮೆ ಸಂಬಳ ಪಡೆಯುವವನು ಅವನೇ. ಅಧಿಕಾರವಿಲ್ಲದ ಕೆಲಸಕ್ಕೆ ಅವನನ್ನು ಮುಂದೆ ತಳ್ಳಿ, ಆಮೇಲೆ ಅವನ ಹೆಸರಲ್ಲಿ ದೂರು ಬರುವಂತೆ ಮಾಡುವುದು ಅನ್ಯಾಯ.

ಸಮವಸ್ತ್ರ ಇಲ್ಲದೆ ಬಂದರೆ ಗುರುತಿನ ಚೀಟಿ ಕೇಳಬಹುದೇ?

ಕೇಳಬಹುದು, ಕೇಳಬೇಕು. ಹೆಸರು, ಹುದ್ದೆ, ಯಾವ ವಲಯ ಎಂದು ಕೇಳಿ ಬರೆದುಕೊಳ್ಳಿ. ಬಂಧಿಸುವವರು ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅನುಮಾನ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ವಿಚಾರಿಸಿ.

ರಾತ್ರಿ ಬರಬಹುದೇ?

ಈ ಕಾಯ್ದೆಯಲ್ಲಿ ಹಗಲು ರಾತ್ರಿ ಎಂಬ ಭೇದವಿಲ್ಲ. ಬೇಟೆ ನಡೆಯುವುದೇ ರಾತ್ರಿ. ಹೆಂಗಸರ ಬಂಧನದ ವಿಷಯ ಮಾತ್ರ ಬೇರೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಅವರನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕು.

ಮನೆಯಲ್ಲಿ ಹೆಂಗಸರು ಮಾತ್ರ ಇದ್ದಾಗ ಶೋಧಕ್ಕೆ ಬಂದರೆ?

ಮನೆ ಶೋಧಿಸಬಾರದು ಎಂದೇನಿಲ್ಲ. ಆದರೆ ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ, ಮಾನಕ್ಕೆ ಕುಂದು ಬಾರದ ಹಾಗೆ ಮಾಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಬಹುತೇಕ ವಲಯಗಳಲ್ಲಿ ಈಗ ಮಹಿಳಾ ಗಾರ್ಡ್‌ಗಳಿದ್ದಾರೆ. ಅವರಿಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನೋ ಪಂಚಾಯಿತಿ ಸದಸ್ಯೆಯನ್ನೋ ಕರೆಸಲು ಹತ್ತು ನಿಮಿಷ ಸಾಕು. ಬಂದ ತಂಡಕ್ಕೆ ಹಾಗೆ ಹೇಳುವ ಹಕ್ಕು ನಿಮಗಿದೆ.

ಮಹಜರಿನಲ್ಲಿ ಏನೇನು ಇರಬೇಕು?

ಇದೊಂದು ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಹೇಗೆ ಶೋಧ ನಡೆಸಬೇಕು ಎಂಬ ವಿವರ ವನ್ಯಜೀವಿ ಕಾಯ್ದೆಯಲ್ಲಿ ಇಲ್ಲ. ಅದನ್ನು ಸಂಹಿತೆಯ ಸೆಕ್ಷನ್ 103ರಿಂದ ತೆಗೆದುಕೊಳ್ಳಬೇಕು. ಶೋಧ ಶುರುವಾಗುವ ಮೊದಲೇ ಆ ಭಾಗದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಯಬೇಕು. ಇವರೇ ಪಂಚರು. ಅವರ ಕಣ್ಣೆದುರಿಗೆ ಶೋಧ ನಡೆಯಬೇಕು. ಮನೆಯವರಿಗೆ ಅಥವಾ ಅವರ ಪರವಾಗಿ ಒಬ್ಬರಿಗೆ ಜೊತೆಗಿದ್ದು ನೋಡಲು ಬಿಡಬೇಕು. ಸಿಕ್ಕ ವಸ್ತುಗಳನ್ನೂ ಅವು ಸಿಕ್ಕ ಜಾಗಗಳನ್ನೂ ಪಟ್ಟಿ ಮಾಡಿ ಪಂಚರ ಸಹಿ ಪಡೆಯಬೇಕು. ಪಟ್ಟಿಯ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಆ ಪ್ರತಿಯನ್ನು ಕೇಳಿ ಪಡೆಯುವುದನ್ನು ಮರೆಯಬೇಡಿ.

ಒಳ್ಳೆಯ ಮಹಜರು ಓದಿದರೆ ಆ ಮನೆ ಕಣ್ಣಿಗೆ ಕಟ್ಟುತ್ತದೆ. ‘ಆರೋಪಿಯ ಮನೆಯಲ್ಲಿ ಮಾಂಸ ಸಿಕ್ಕಿತು’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಅಡುಗೆಮನೆಯ ಈಶಾನ್ಯ ಮೂಲೆಯಲ್ಲಿ ಅಟ್ಟದ ಕೆಳಗೆ ಮುಚ್ಚಳವಿರುವ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಅರಿಶಿನ ಹಚ್ಚಿದ, ಕೂದಲು ಅಂಟಿದ ಚರ್ಮಸಹಿತ ಮಾಂಸ, ತಕ್ಕಡಿಯಲ್ಲಿ ತೂಗಿದಾಗ 3 ಕೆಜಿ 200 ಗ್ರಾಂ, ಅದರಿಂದ ಎರಡು ಮಾದರಿ ತೆಗೆದು ಬೇರೆ ಬೇರೆ ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ, ಅರಗಿನ ಮೊಹರು ಹಾಕಿ ಪಂಚರ ಸಹಿಯ ಚೀಟಿ ಅಂಟಿಸಲಾಯಿತು’ ಎಂದರೆ ಅದು ಮಹಜರು. ಶುರುವಾದ ಗಂಟೆ, ಮುಗಿದ ಗಂಟೆ, ಯಾವ ಬೆಳಕಿನಲ್ಲಿ ನೋಡಿದರು, ಬಂದವರು ಯಾರು ಯಾರು, ಜಾಗದ ಜಿಪಿಎಸ್ ಗುರುತು, ಚೆಕ್ಕುಬಂದಿ ಎಲ್ಲವೂ ಇರಬೇಕು. ಮನೆಯೊಳಗೆ ಕಾಲಿಡುವ ಮೊದಲು ಶೋಧ ತಂಡದವರು ತಮ್ಮ ಜೇಬು, ಚೀಲಗಳನ್ನು ಪಂಚರಿಗೆ ತೋರಿಸಿದರು ಎಂಬ ಒಂದು ಸಾಲು ಸೇರಿಸಿದರೆ, ನೀವೇ ತಂದು ಇಟ್ಟಿರಿ ಎಂಬ ಆರೋಪಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಇದು ಕಾನೂನಿನ ಪುಸ್ತಕದ ಮಾತಲ್ಲ, ಅನುಭವಸ್ಥ ಅಧಿಕಾರಿಗಳು ಪಾಲಿಸುವ ಪದ್ಧತಿ.

ಶೋಧದಲ್ಲಿ ಏನೂ ಸಿಗದಿದ್ದರೂ ಮಹಜರು ಬರೆಯಬೇಕು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ‘ಏನೂ ದೊರೆಯಲಿಲ್ಲ’ ಎಂಬ ಕಾಗದ ಊರಿನವರ ಮುಂದೆ ಆ ಮನೆಯವರ ಮರ್ಯಾದೆ ಉಳಿಸುತ್ತದೆ.

ಪಂಚರಾಗಿ ಬನ್ನಿ ಎಂದು ಕರೆದರೆ ಹೋಗಲೇಬೇಕೇ?

ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ನಿರಾಕರಿಸಿದರೆ ಅದೇ ಒಂದು ಅಪರಾಧ. ಅದಲ್ಲದೆ, ಅಪರಾಧ ತಡೆಗೋ ಜಪ್ತಿಗೋ ಅಧಿಕಾರಿ ನೆರವು ಕೇಳಿದರೆ ಕೊಡುವುದು ಕರ್ತವ್ಯ ಎಂದು ಸೆಕ್ಷನ್ 50 ಕೂಡ ಹೇಳುತ್ತದೆ.

ಹೋಗಿ. ಆದರೆ ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬೇಡಿ. ನಾನು ಕಾಲೇಜು ಓದುತ್ತಿದ್ದಾಗ ಊರಿನ ಟೀ ಅಂಗಡಿಯ ಮುಂದೆ ನಿಂತಿದ್ದ ನನ್ನನ್ನೂ ಇನ್ನೊಬ್ಬನನ್ನೂ ಕರೆದು, ಎರಡು ಖಾಲಿ ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡರು. ಜೀಪಿನಲ್ಲಿ ಏನೋ ಗೋಣಿಚೀಲ ಇತ್ತು, ಅದನ್ನು ಬಿಚ್ಚಿ ತೋರಿಸಲಿಲ್ಲ. ಮೂರು ವರ್ಷದ ಮೇಲೆ ಸಮನ್ಸ್ ಬಂತು. ಕಟಕಟೆಯಲ್ಲಿ ನಿಂತು, ನಾನು ಏನನ್ನೂ ನೋಡಿಲ್ಲ ಎಂದೆ. ಸತ್ಯವೇ. ಆರೋಪಿ ಬಿಡುಗಡೆಯಾದ. ಅವನು ನಿಜವಾಗಿಯೂ ಜಿಂಕೆ ಹೊಡೆದಿದ್ದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಹೊಡೆದಿದ್ದರೆ ಆ ಜಿಂಕೆಗೆ ನ್ಯಾಯ ಸಿಗಲಿಲ್ಲ, ಹೊಡೆದಿಲ್ಲದಿದ್ದರೆ ಅವನ ಮೂರು ವರ್ಷ ಯಾರೂ ವಾಪಸ್ ಕೊಡಲಿಲ್ಲ. ನಾನು ಕಾನೂನು ಓದಲು ಹೊರಟಿದ್ದರ ಹಿಂದೆ ಆ ಖಾಲಿ ಹಾಳೆಯೂ ಇದೆ.

ಶೋಧವನ್ನು ವಿಡಿಯೊ ಮಾಡಬೇಕೇ? ನಾವು ಮಾಡಬಹುದೇ?

ಸಂಹಿತೆಯ ಸೆಕ್ಷನ್ 105ರ ಪ್ರಕಾರ ಶೋಧ, ಜಪ್ತಿ, ಪಟ್ಟಿ ತಯಾರಿ, ಪಂಚರ ಸಹಿ ಎಲ್ಲವನ್ನೂ ಮೊಬೈಲ್‌ನಂಥ ಸಾಧನದಲ್ಲಿ ಧ್ವನಿ ಮತ್ತು ದೃಶ್ಯ ಸಹಿತ ದಾಖಲಿಸಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ದಾಖಲೆಯನ್ನು ಕಳಿಸುವ ಹೊಣೆ ಹೇಳುವಾಗ ಸೆಕ್ಷನ್ ಬಳಸಿರುವ ಪದ ಪೊಲೀಸ್ ಅಧಿಕಾರಿ. ಹಾಗಿದ್ದ ಮೇಲೆ ನಮಗೆ ಅನ್ವಯಿಸದು ಎಂದು ಅರಣ್ಯ ಸಿಬ್ಬಂದಿ ವಾದಿಸಬಹುದು. ನನ್ನ ಅಭಿಪ್ರಾಯ ಇಷ್ಟು: ಆ ವಾದದಲ್ಲಿ ಗೆದ್ದರೂ ಕೇಸು ಸೋಲುತ್ತಾರೆ. ಪಂಚರು ತಿರುಗಿಬಿದ್ದಾಗ ಉಳಿಯುವುದು ವಿಡಿಯೊ ಒಂದೇ.

ಮನೆಯವರು ಅಡ್ಡಿಪಡಿಸದೆ ದೂರದಲ್ಲಿ ನಿಂತು ಚಿತ್ರಿಸಿಕೊಳ್ಳುವುದನ್ನು ಈ ಕಾಯ್ದೆ ತಡೆಯುವುದಿಲ್ಲ. ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ವಕೀಲರಿಗೆ ಕೊಡಿ.

ಚೆಕ್‌ಪೋಸ್ಟ್‌ನಲ್ಲಿ ಪ್ರತಿ ಗಾಡಿಯ ಡಿಕ್ಕಿ ತೆರೆಸುತ್ತಾರೆ. ಇದು ಸರಿಯೇ?

ವಾಹನ ನಿಲ್ಲಿಸಿ ಶೋಧಿಸುವ ಅಧಿಕಾರ ಸೆಕ್ಷನ್ 50ರಲ್ಲಿದೆ, ಸಮಂಜಸ ಕಾರಣದ ಷರತ್ತು ಅಲ್ಲಿಯೂ ಇದೆ. ಆದರೆ ಅಭಯಾರಣ್ಯದೊಳಗೆ ಯಾರು ಬರಬೇಕು, ಏನು ತರಬಾರದು ಎಂಬುದಕ್ಕೆ ಬೇರೆಯೇ ನಿಯಮಗಳಿವೆ. ಅನುಮತಿಯಿಲ್ಲದೆ ಆಯುಧ ಹಿಡಿದು ಒಳಗೆ ಹೋಗುವಂತಿಲ್ಲ. ಬಂಡೀಪುರದ ಮೂಲೆಹೊಳೆ ಚೆಕ್‌ಪೋಸ್ಟ್‌ನಂಥ ಕಡೆ ನಾಲ್ಕು ನಿಮಿಷ ಗಾಡಿ ನಿಲ್ಲಿಸಿ ಡಿಕ್ಕಿ ತೋರಿಸುವುದಕ್ಕೆ ಜಗಳ ಬೇಡ. ಆ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿರುವುದರಿಂದ ಎಷ್ಟು ಪ್ರಾಣಿಗಳು ಬದುಕಿವೆ ಎಂಬುದು ಬಂಡೀಪುರದ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು.

ಏನೇನು ಜಪ್ತಿ ಮಾಡಬಹುದು? ಮೊಬೈಲ್ ಕಿತ್ತುಕೊಂಡರೆ?

ಪ್ರಾಣಿ, ಅದರ ಮಾಂಸ, ಚರ್ಮ, ಕೊಂಬು, ಉಗುರು, ಅವುಗಳಿಂದ ಮಾಡಿದ ವಸ್ತು, ಜೊತೆಗೆ ಅಪರಾಧಕ್ಕೆ ಬಳಸಿದ ಬಲೆ, ಸಲಕರಣೆ, ವಾಹನ, ದೋಣಿ, ಆಯುಧ. ಮನೆಯಲ್ಲಿರುವ ನಗದು, ಒಡವೆ, ಜಮೀನಿನ ಪತ್ರ ಇವೆಲ್ಲ ಬೇಟೆಗೆ ಸಂಬಂಧವಿಲ್ಲದಿದ್ದರೆ ಮುಟ್ಟುವ ಹಾಗಿಲ್ಲ.

ಮೊಬೈಲ್ ಈಗ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಹೋಗುತ್ತದೆ, ಏಕೆಂದರೆ ಸತ್ತ ಪ್ರಾಣಿಯ ಜೊತೆಗಿನ ಸೆಲ್ಫಿಯೂ ವ್ಯಾಪಾರದ ಮಾತುಕತೆಯೂ ಅದರೊಳಗೇ ಇರುತ್ತವೆ. ತೆಗೆದುಕೊಂಡರೆ ಐಎಂಇಐ ಸಂಖ್ಯೆ, ಸಿಮ್ ವಿವರ ಪಟ್ಟಿಯಲ್ಲಿ ಬರೆಯಿಸಿ, ಸ್ವಿಚ್ ಆಫ್ ಮಾಡಿಸಿ ಮೊಹರು ಹಾಕಿಸಿ. ಅಧಿಕಾರಿ ಅಲ್ಲೇ ಗ್ಯಾಲರಿ ತೆರೆದು ಮನೆಯ ಹೆಣ್ಣುಮಕ್ಕಳ ಚಿತ್ರ ನೋಡುತ್ತ ನಿಂತರೆ ಆಕ್ಷೇಪಿಸಿ. ನೀವೂ ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ಸಾಕ್ಷ್ಯ ನಾಶ ಮತ್ತೊಂದು ಕೇಸಾಗುತ್ತದೆ.

ನನ್ನ ಜೀಪು ಜಪ್ತಿಯಾಗಿದೆ. ಅದು ಸರ್ಕಾರದ್ದಾಗಿಹೋಯಿತು ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಅಪರಾಧಕ್ಕೆ ಬಳಸಿದ, ಜಪ್ತಿಯಾದ ವಾಹನ ಸರ್ಕಾರದ ಸ್ವತ್ತು ಎಂದು ಸೆಕ್ಷನ್ 39 ಹೇಳುತ್ತದೆ. ಆದರೆ ಬಳಸಿದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಮಧ್ಯಪ್ರದೇಶ ಸರ್ಕಾರ ಮತ್ತು ಮಧುಕರ ರಾವ್ ನಡುವಣ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಬರೀ ಜಪ್ತಿಯಾದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ವಿಚಾರಣೆ ಮುಗಿಯುವವರೆಗೆ ವಾಹನವನ್ನು ಮಧ್ಯಂತರವಾಗಿ ಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಭದ್ರತೆ ಕೊಟ್ಟು, ಮಾರುವುದಿಲ್ಲ, ಬಣ್ಣ ಬದಲಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದು ಅರ್ಜಿ ಹಾಕಬೇಕು.

ಒಂದು ಎಚ್ಚರಿಕೆ. ಶ್ರೀಗಂಧ, ಬೀಟೆಯಂಥ ಮರದ ಕೇಸಾದರೆ ದಾರಿ ಬೇರೆ. ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಬರುತ್ತದೆ, ಅಲ್ಲಿ ಇಲಾಖೆಯ ಅಧಿಕೃತ ಅಧಿಕಾರಿಗೇ ಸೆಕ್ಷನ್ 71ಎ ಪ್ರಕಾರ ವಾಹನ ಮುಟ್ಟುಗೋಲು ಹಾಕುವ ಅಧಿಕಾರವಿದೆ. ನಿಮ್ಮ ಎಫ್‌ಒಸಿಯಲ್ಲಿ, ಅಂದರೆ ಇಲಾಖೆ ದಾಖಲಿಸಿದ ಅರಣ್ಯ ಅಪರಾಧ ಪ್ರಕರಣದ ಕಾಗದದಲ್ಲಿ, ಯಾವ ಕಾಯ್ದೆ ಬರೆದಿದ್ದಾರೆ ಎಂದು ಮೊದಲು ಓದಿ, ಆಮೇಲೆ ಎಲ್ಲಿಗೆ ಹೋಗಬೇಕೆಂದು ಯೋಚಿಸಿ.

ಅಜ್ಜನ ಕಾಲದ ಜಿಂಕೆ ಕೊಂಬು ಗೋಡೆಯಲ್ಲಿದೆ, ಹುಲಿ ಉಗುರಿನ ಪದಕವೂ ಇದೆ. ಅಪರಾಧವೇ?

ಮಲೆನಾಡಿನ ತೊಟ್ಟಿಮನೆಗಳಲ್ಲಿ, ಕಾಫಿ ತೋಟದ ಹಳೆಯ ಬಂಗಲೆಗಳಲ್ಲಿ ಇದೊಂದು ನಿಜವಾದ ಕಷ್ಟ. ಮಾಲೀಕತ್ವದ ಪ್ರಮಾಣಪತ್ರ ಇದ್ದರೆ ಸರಿ. ಇಲ್ಲದಿದ್ದರೆ ಅಪರಾಧ. ಕೊಂಬು, ಮೂಳೆ, ಹಲ್ಲು, ಉಗುರು ಎಲ್ಲವೂ ಕಾಯ್ದೆಯ ವ್ಯಾಖ್ಯೆಯೊಳಗಿವೆ. ಕಾಡಲ್ಲಿ ತಾನಾಗಿ ಉದುರಿದ ಕೊಂಬು ಎಂಬ ಸಬೂಬು ನಡೆಯುವುದಿಲ್ಲ. ಘೋಷಿಸಿಕೊಳ್ಳಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನ ಕೊಟ್ಟಿತ್ತು. ಹಳ್ಳಿಗಳಲ್ಲಿ ಆ ಸುದ್ದಿ ಕಿವಿಗೆ ಬಿದ್ದವರೇ ಕಡಿಮೆ.

2023ರ ಅಕ್ಟೋಬರ್‌ನಲ್ಲಿ ಟಿವಿ ರಿಯಾಲಿಟಿ ಶೋ ಒಂದರ ಸ್ಪರ್ಧಿಯನ್ನು ಹುಲಿ ಉಗುರಿನ ಪದಕ ಧರಿಸಿದ್ದಕ್ಕೆ ಬಂಧಿಸಿದ ಮೇಲೆ ರಾಜ್ಯವಿಡೀ ಕೊರಳು ಮುಟ್ಟಿ ನೋಡಿಕೊಂಡಿತು. ಚಿತ್ರನಟರ ಮನೆಗಳಲ್ಲೂ ಶೋಧ ನಡೆಯಿತು. ಆಮೇಲೆ 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಒಪ್ಪಿಸಲು ಒಮ್ಮೆ ಮೂರು ತಿಂಗಳ ಅವಕಾಶ ಕೊಟ್ಟಿತು. ಅದೂ ಮುಗಿದಿದೆ. ಈಗಲೂ ಮನೆಯಲ್ಲಿದ್ದರೆ ಸುಡಬೇಡಿ, ಹೊಳೆಗೆ ಎಸೆಯಬೇಡಿ, ಖಂಡಿತ ಮಾರಬೇಡಿ. ವಕೀಲರ ಮೂಲಕ ಅರಣ್ಯಾಧಿಕಾರಿಗೆ ಪತ್ರ ಬರೆದು ತಾವಾಗಿಯೇ ಒಪ್ಪಿಸುವುದು, ಶೋಧದಲ್ಲಿ ಸಿಕ್ಕಿಬೀಳುವುದಕ್ಕಿಂತ ಎಷ್ಟೋ ಪಾಲು ಮೇಲು. ಹಾಗೆ ಒಪ್ಪಿಸಿದರೆ ಕೇಸು ಆಗುವುದೇ ಇಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ.

ಇಲ್ಲಿ ಸೆಕ್ಷನ್ 57ನ್ನೂ ತಿಳಿದಿರಬೇಕು. ವಸ್ತು ನಿಮ್ಮ ವಶದಲ್ಲಿತ್ತೆಂದು ಇಲಾಖೆ ರುಜುವಾತು ಮಾಡಿದರೆ, ಅದು ಅಕ್ರಮ ಎಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ‘ವಶದಲ್ಲಿತ್ತು’ ಎಂಬುದನ್ನು ತೋರಿಸುವುದು ಯಾವುದು? ಮತ್ತೆ ಮಹಜರು.

ನವಿಲುಗರಿ?

ತಾನಾಗಿ ಉದುರಿದ ಬಾಲದ ಗರಿ ಮನೆಯಲ್ಲಿದ್ದರೆ ಹೆದರಬೇಕಿಲ್ಲ, ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಬುಡದಲ್ಲಿ ರಕ್ತ, ಮಾಂಸ ಅಂಟಿದ್ದರೆ ಅದು ಕಿತ್ತ ಗರಿ, ಆಗ ಮಾತು ಬೇರೆ.

ಸಿಕ್ಕಿದ್ದು ಸಾಕಿದ ಹಂದಿಯ ಮಾಂಸ, ಕಾಡುಹಂದಿ ಎಂದು ಕೇಸು ಹಾಕಿದ್ದಾರೆ. ಹೇಗೆ ತೋರಿಸುವುದು?

ಬೇಯಿಸಿದ ಮಾಂಸವನ್ನು ಕಣ್ಣಿನಿಂದ ನೋಡಿ ಯಾರೂ ಗುರುತಿಸಲಾರರು. ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಕೋನ್ಸ್, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಡಿಎನ್‌ಎ ಪರೀಕ್ಷೆಯಿಂದ ಜಾತಿ ಹೇಳುತ್ತವೆ. ಆದರೆ ಸಾಕು ಹಂದಿಯೂ ಕಾಡುಹಂದಿಯೂ ಮೂಲದಲ್ಲಿ ಒಂದೇ ಪ್ರಭೇದ, ಹಾಗಾಗಿ ಈ ಎರಡನ್ನು ಬೇರ್ಪಡಿಸುವುದು ಜಿಂಕೆ–ಮೇಕೆ ಬೇರ್ಪಡಿಸಿದಷ್ಟು ಸುಲಭವಲ್ಲ. ಚರ್ಮ, ಕೂದಲು, ಕೋರೆಹಲ್ಲು ಸಿಕ್ಕಿದ್ದವೇ ಎಂದು ಪಟ್ಟಿಯಲ್ಲಿ ನೋಡಿ. ಮಾದರಿಯ ಮೊಹರು ಪ್ರಯೋಗಾಲಯ ತಲುಪುವವರೆಗೆ ಒಡೆದಿರಲಿಲ್ಲವೇ, ನಡುವೆ ಯಾರ ವಶದಲ್ಲಿತ್ತು ಎಂದು ಕೇಳಿ. ಹುಲಿ ಉಗುರಿನದೂ ಇದೇ ಕಥೆ. ದನದ ಕೊಂಬಿನಿಂದ, ಪ್ಲಾಸ್ಟಿಕ್‌ನಿಂದ ಮಾಡಿದ ನಕಲಿ ಉಗುರುಗಳು ಜಾತ್ರೆಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಪಂಜರದಲ್ಲಿ ಗಿಳಿ ಸಾಕಿದ್ದೇವೆ.

ನಮ್ಮ ಹಸಿರು ಗಿಳಿ ರಕ್ಷಿತ ಪಕ್ಷಿ. ಸಾಕುವುದು ಅಪರಾಧ, ಜಪ್ತಿ ಮಾಡಬಹುದು. ನಕ್ಷತ್ರ ಆಮೆಯಾದರೆ ಇನ್ನೂ ಗಂಭೀರ, ಅದು ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿದೆ.

ಕೊಡಗಿನಲ್ಲಿ ಕೋವಿಗೆ ಪರವಾನಗಿಯೇ ಬೇಡ. ಹಾಗಿದ್ದ ಮೇಲೆ ಹೇಗೆ ಜಪ್ತಿ ಮಾಡುತ್ತಾರೆ?

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ. ಕೈಲ್ ಮುಹೂರ್ತದಂದು ಪೂಜಿಸುವ ಕೋವಿ ಅವರ ಸಂಸ್ಕೃತಿಯ ಭಾಗ, ಅದನ್ನು ಇಟ್ಟುಕೊಳ್ಳುವುದನ್ನು ಅರಣ್ಯ ಇಲಾಖೆ ಪ್ರಶ್ನಿಸುವಂತಿಲ್ಲ. ಅದೇ ಕೋವಿಯಿಂದ ಕಡವೆ ಹೊಡೆದರೆ ಅದು ಅಪರಾಧಕ್ಕೆ ಬಳಸಿದ ಆಯುಧ, ಜಪ್ತಿಯಾಗುತ್ತದೆ.

ಕಾಡಿನ ಬುಡಕಟ್ಟಿನವರ ಹಾಡಿಗಳಲ್ಲಿ ಜೇನು, ಕತ್ತಿ ಕಿತ್ತುಕೊಳ್ಳುತ್ತಾರೆ. ಹಾಡಿಯವರಿಗೆ ಹಕ್ಕಿಲ್ಲವೇ?

ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಜೇನು ಸೇರಿದಂತೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸಮುದಾಯ ಹಕ್ಕುಪತ್ರ ಸಿಕ್ಕಿತು. ಬೇಟೆಯ ಹಕ್ಕನ್ನು ಮಾತ್ರ ಆ ಕಾಯ್ದೆ ಹೊರಗಿಟ್ಟಿದೆ. ಹೀಗಿರುವಾಗ ಜೇನು ಕೊಯ್ಯುವ ಕತ್ತಿಯನ್ನು ಬೇಟೆಯ ಸಲಕರಣೆ ಎಂದು ಬರೆದು ಜಪ್ತಿ ಮಾಡುವುದು ತಪ್ಪು. ಜೇನು ಕುರುಬರ, ಬೆಟ್ಟ ಕುರುಬರ ಹಾಡಿಯಲ್ಲಿ ಶೋಧ ನಡೆಸುವಾಗ ಸಮಂಜಸ ಕಾರಣದ ಷರತ್ತನ್ನು ಸಡಿಲ ಮಾಡಿಕೊಳ್ಳುವ ಅಭ್ಯಾಸ ಕೆಲವೆಡೆ ಬೆಳೆದಿದೆ. ಓದುಬರಹ ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಬರೆದದ್ದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಬೇಕು. ಹಾಡಿಯ ಯಜಮಾನನನ್ನೋ ಅರಣ್ಯ ಹಕ್ಕು ಸಮಿತಿಯವರನ್ನೋ ಪಂಚರಾಗಿ ಕರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಬಂಧಿಸಿದರೆ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು?

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಇದು ಸಂವಿಧಾನದ 22ನೇ ವಿಧಿ. ಸೆಕ್ಷನ್ 50 ಇನ್ನೂ ಮುಂದೆ ಹೋಗಿ ಕೂಡಲೇ ಎನ್ನುತ್ತದೆ, ವ್ಯಕ್ತಿಯನ್ನಷ್ಟೇ ಅಲ್ಲ, ಜಪ್ತಿ ಮಾಡಿದ ವಸ್ತುಗಳನ್ನೂ. ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ‘ವಿಚಾರಣೆಗೆ ಕರೆದಿದ್ದೇವೆ’ ಎಂದು ಎರಡು ದಿನ ವಲಯ ಕಚೇರಿಯಲ್ಲೋ ಗೆಸ್ಟ್ ಹೌಸಿನಲ್ಲೋ ಕೂರಿಸಿಕೊಂಡರೆ ಅದು ಅಕ್ರಮ ಬಂಧನ. ಹೊರಟ ಗಂಟೆಯನ್ನು ಮನೆಯವರು ಬರೆದಿಟ್ಟುಕೊಳ್ಳಲಿ. ವಕೀಲರನ್ನು ಇಡಲು ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ.

ಅರಣ್ಯಾಧಿಕಾರಿಯ ಮುಂದೆ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ನಡೆಯುತ್ತದೆಯೇ?

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂಬುದು ಎಲ್ಲರಿಗೂ ಗೊತ್ತು. ಅರಣ್ಯಾಧಿಕಾರಿಯನ್ನು ನ್ಯಾಯಾಲಯಗಳು ಪೊಲೀಸ್ ಅಧಿಕಾರಿ ಎಂದು ಸಾಮಾನ್ಯವಾಗಿ ನೋಡುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ರಾಜ್ಯ ಸರ್ಕಾರದಿಂದ ಅಧಿಕಾರ ಪಡೆದ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಸೆಕ್ಷನ್ 50ರ 8ನೇ ಉಪಸೆಕ್ಷನ್ ಪ್ರಕಾರ ಶೋಧ ವಾರಂಟ್ ಹೊರಡಿಸಬಹುದು, ಸಾಕ್ಷಿಗಳನ್ನು ಕರೆಸಬಹುದು, ಸಾಕ್ಷ್ಯ ದಾಖಲಿಸಬಹುದು. ಆರೋಪಿಯ ಸಮ್ಮುಖದಲ್ಲಿ ದಾಖಲಿಸಿದ್ದರೆ ಅದು ಮುಂದೆ ವಿಚಾರಣೆಯಲ್ಲಿ ನಡೆಯುತ್ತದೆ. ಆದ್ದರಿಂದ ಓದದೆ ಸಹಿ ಹಾಕಬೇಡಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ. ಹೊಡೆದು ಬರೆಯಿಸಿಕೊಂಡಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತ ಮೊದಲ ದಿನವೇ ಹೇಳಿ, ಗಾಯ ತೋರಿಸಿ.

ಶೋಧವೇ ಕ್ರಮಬದ್ಧವಾಗಿ ನಡೆದಿಲ್ಲ. ಕೇಸು ತಾನಾಗಿ ರದ್ದಾಗುತ್ತದೆಯೇ?

ಇಲ್ಲ. ಪೂರಣ್ ಮಲ್ ಪ್ರಕರಣದಲ್ಲಿ 1973ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದ ಹಾಗೆ, ಶೋಧ ಅಕ್ರಮವಾಗಿತ್ತು ಎಂಬ ಒಂದೇ ಕಾರಣಕ್ಕೆ ಸಿಕ್ಕ ಸಾಕ್ಷ್ಯ ಕಸದ ಬುಟ್ಟಿಗೆ ಹೋಗುವುದಿಲ್ಲ. ಆದರೆ ಅದರ ತೂಕ ಇಳಿಯುತ್ತದೆ. ಪಂಚರು ಇಲ್ಲ, ಮೊಹರು ಇಲ್ಲ, ವಿಡಿಯೊ ಇಲ್ಲ, ಬರೆದ ಗಂಟೆಗೂ ಜೀಪಿನ ಲಾಗ್‌ಬುಕ್ ಗಂಟೆಗೂ ತಾಳೆಯಿಲ್ಲ ಎಂದಾದರೆ ನ್ಯಾಯಾಧೀಶರಿಗೆ ಅನುಮಾನ ಬರುವುದು ಸಹಜ, ಅದರ ಲಾಭ ಆರೋಪಿಗೆ ಸೇರುತ್ತದೆ.

ಸುಮ್ಮನೆ ಕಾಟ ಕೊಡಲು ಜಪ್ತಿ ಮಾಡಿದ ಅಧಿಕಾರಿಗೆ ಸೆಕ್ಷನ್ 53ರಲ್ಲಿ ಆರು ತಿಂಗಳವರೆಗೆ ಜೈಲು, 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಐನೂರು ಎಂಬುದು 1972ರ ರೂಪಾಯಿ. ಉಳಿದ ಹಲವು ದಂಡಗಳನ್ನು 2022ರಲ್ಲಿ ಹೆಚ್ಚಿಸುವಾಗ ಇದನ್ನು ಹಾಗೇ ಬಿಟ್ಟದ್ದು ಸರಿಯಲ್ಲ.

ಶೋಧಕ್ಕೆ ಅಡ್ಡಿಪಡಿಸಿದರೆ?

ಅಡ್ಡಿಪಡಿಸುವುದು, ಕೈ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 221 ಮತ್ತು 132ನೇ ಸೆಕ್ಷನ್‌ಗಳಡಿ ಬೇರೆಯೇ ಅಪರಾಧ. ಬೇಟೆಯ ಕೇಸಿನಲ್ಲಿ ಖುಲಾಸೆಯಾಗಿ, ಗಾರ್ಡ್‌ಗೆ ಹೊಡೆದದ್ದಕ್ಕೆ ಶಿಕ್ಷೆಯಾದವರಿದ್ದಾರೆ. ಆಕ್ಷೇಪವಿದ್ದರೆ ಮಹಜರಿನಲ್ಲೇ ಬರೆಯಿಸಿ. ಬರೆದುಕೊಳ್ಳಲು ಒಪ್ಪದಿದ್ದರೆ ಮರುದಿನವೇ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಿ ರಸೀದಿ ಇಟ್ಟುಕೊಳ್ಳಿ.

ದಂಡ ಕಟ್ಟಿ ಮುಗಿಸಿಕೊಳ್ಳಬಹುದೇ?

ಸಣ್ಣ ಅಪರಾಧಗಳಿಗೆ ರಾಜಿ ದಂಡ ಇದೆ, 2022ರ ನಂತರ ಅದರ ಮಿತಿ 5 ಲಕ್ಷ ರೂಪಾಯಿ. ಕನಿಷ್ಠ ಜೈಲುಶಿಕ್ಷೆ ನಿಗದಿಯಾಗಿರುವ ಅಪರಾಧಗಳಿಗೆ ರಾಜಿ ಇಲ್ಲ. ಮೊದಲ ಅನುಸೂಚಿಯ ಪ್ರಾಣಿ ಅಥವಾ ಅಭಯಾರಣ್ಯದೊಳಗಿನ ಬೇಟೆ ಎಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ರಸೀದಿಯಿಲ್ಲದ ‘ದಂಡ’ ಯಾರೇ ಕೇಳಿದರೂ ಕೊಡಬೇಡಿ.

ಬೇಟೆ ನಡೆಯುತ್ತಿರುವುದು ಗೊತ್ತು, ದೂರು ಕೊಟ್ಟರೂ ಶೋಧವೇ ಮಾಡುತ್ತಿಲ್ಲ. ಏನು ಮಾಡಲಿ?

1926ಕ್ಕೆ ಹೇಳಿ, ಅಲ್ಲಿಂದಲೂ ಆಗದಿದ್ದರೆ ಮೇಲಧಿಕಾರಿಗೆ ಲಿಖಿತ ದೂರು ಕೊಡಿ. ಪೊಲೀಸ್ ಸಿಐಡಿಯ ಅರಣ್ಯ ಘಟಕವೂ ಇಂಥ ಪ್ರಕರಣಗಳನ್ನು ನೋಡುತ್ತದೆ. ಅಂತರರಾಜ್ಯ ಜಾಲದ ಸುಳಿವಿದ್ದರೆ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಇದೆ. ಸೆಕ್ಷನ್ 55ರ ಪ್ರಕಾರ ಸಾಮಾನ್ಯ ನಾಗರಿಕ ಕೂಡ 60 ದಿನಗಳ ನೋಟಿಸ್ ಕೊಟ್ಟು ನೇರವಾಗಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ನೀವೇ ಹೋಗಿ ಬೇರೆಯವರ ಮನೆ ಶೋಧಿಸಬೇಡಿ. ಉರುಳು ಕಂಡರೆ ಕೀಳುವ ಮೊದಲು ಫೋಟೊ ತೆಗೆದು ಜಾಗ ಗುರುತಿಸಿ, ಇಲಾಖೆಯವರನ್ನು ಕರೆಸಿ.

ನಮ್ಮ ಗದ್ದೆಯಲ್ಲಿ ಜಿಂಕೆ ಸತ್ತು ಬಿದ್ದಿದೆ. ಮುಟ್ಟಿದರೆ ನಮ್ಮ ಮೇಲೇ ಬರುತ್ತದೆಂದು ಭಯ.

ಸತ್ತ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಹೀಗೆ ಪ್ರಾಣಿ ನಿಮ್ಮ ಕೈಸೇರಿದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಕಂಡ ಕೂಡಲೇ ತಿಳಿಸುವುದು ಒಳ್ಳೆಯದು. ಹೂಳಬೇಡಿ, ನಾಯಿಗೆ ಹಾಕಬೇಡಿ. ಫೋನ್ ಮಾಡಿದ ಗಂಟೆ ಬರೆದಿಟ್ಟುಕೊಂಡು, ನೆರೆಯವರೊಬ್ಬರನ್ನು ಕರೆದು ತೋರಿಸಿ, ಇಲಾಖೆಯವರು ಬರುವವರೆಗೆ ಕಾಗೆ, ನಾಯಿ ಬಾರದಂತೆ ಕಾಯಿರಿ. ಅಧಿಕಾರಿಗಳು ಬಂದು ಮಹಜರು ಬರೆಯುವಾಗ, ಮೊದಲು ಕಂಡು ತಿಳಿಸಿದವರು ನೀವೇ ಎಂಬುದನ್ನು ಅದರಲ್ಲಿ ಬರೆಯಿಸಿ.